ಮಂಕರಿ ಗಾತ್ರದ ಹರ್ನಿಯಾ

ರೋಗಿಯನ್ನು ನೋಡಲು ಬರುವ ಬಂಧುಗಳಿಗಿಂತ ರೋಗವೇ ವಾಸಿ ಎಂಬುದು ನನ್ನ ಅಭಿಪ್ರಾಯ. ನಮ್ಮ ಹಾಸನದ ಕಡೆ ಯಾರೋ ಮಲಗಿದ್ದಾರೆಂದು ಸುದ್ದಿಯಾದರೆ ಸಾಕು, ಒಂದು ಬ್ರೆಡ್ಡು, ನಾಲ್ಕು ಎಳನೀರು, ಚೀಲದ ತುಂಬ ಸಲಹೆ ಹೊತ್ತು ಬಸ್ಸು ಹತ್ತಿಬಿಡುತ್ತಾರೆ. ಸಕ್ಕರೆ ಕಾಯಿಲೆಯವನಿಗೆ ಕ್ರೀಮ್ ಬಿಸ್ಕತ್ತು ತರುವ ಬುದ್ಧಿವಂತರೂ ಇದ್ದಾರೆ. ಎಲ್ಲಿ ಕೊಯ್ದರು, ಎಷ್ಟು ಕೊಯ್ದರು ಎಂದು ತಿಳಿಯುವವರೆಗೆ ಒಬ್ಬರೂ ಕಾಫಿ ಮುಟ್ಟುವುದಿಲ್ಲ. ಇಂಥವರ ನಡುವೆ ನನ್ನನ್ನು ಕೊಯ್ದ ಜಾಗವಾದರೂ ಎಂಥದ್ದು!

ಸಕ್ಕರೆ ಕಾಯಿಲೆಯ ದೆಸೆಯಿಂದ ಮುಂದೊಗಲು ಬಿಗಿದು ಬಿರಿದು, ಉಚ್ಚೆ ಹೊಯ್ಯುವುದೇ ಒಂದು ಶಿಕ್ಷೆಯಾಗಿತ್ತು. ಹಾಸನದ ಡಾಕ್ಟರು ನೋಡಿ, "ಸುನ್ನತಿ ಮಾಡಿಬಿಡೋಣ ಸಾರ್, ಈ ಕಾಯಿಲೆಗೆ ಜಾತಿ ಮತ ಇಲ್ಲ" ಎಂದರು. ಐವತ್ತು ದಾಟಿದ ಮೇಲೆ ಅದೂ ಆಯಿತು. ನೋವನ್ನು ಹೇಗೋ ತಡೆದುಕೊಂಡೆ. ಆದರೆ ಹುಟ್ಟಿದಾಗಿನಿಂದ ಮರೆಯಲ್ಲೇ ಇದ್ದ ಚರ್ಮ ಒಮ್ಮೆಗೇ ಬಯಲಿಗೆ ಬಂದಿತ್ತಲ್ಲ, ಪಂಚೆಯ ಅಂಚು ಸೋಕಿದರೂ ಉಪ್ಪುಕಾಗದದಲ್ಲಿ ಉಜ್ಜಿದಂತಾಗುತ್ತಿತ್ತು. "ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ವ್ಯಾಸಲೀನ್ ಹಚ್ಚಿ. ಬಟ್ಟೆ ತಗುಲಿಸಬೇಡಿ. ಕೆಲವು ವಾರದಲ್ಲಿ ಒಗ್ಗಿಹೋಗುತ್ತೆ" ಎಂದಿದ್ದರು ಡಾಕ್ಟರು. ಪ್ಯಾಂಟು ತೊಟ್ಟು ನಿಂತವರು ಹೀಗೆ ಹೇಳುವುದು ಸುಲಭ. ಕೊನೆಗೆ ನನ್ನ ಹೆಂಡತಿ ಹಿತ್ತಲಿಂದ ಕೋಳಿಮರಿ ಮುಚ್ಚುವ ಬಿದಿರಿನ ಮಂಕರಿ ತಂದು, ತೊಳೆದು, ನನ್ನ ಸೊಂಟದ ಮೇಲೆ ಬೋರಲು ಹಾಕಿ ದುಪ್ಪಟಿ ಹೊದಿಸಿದಳು. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಯಾರಿಗೂ ಹೊಳೆಯದ ಉಪಾಯ ಅದು.

ಕೇಳಿದವರಿಗೆಲ್ಲ ಹರ್ನಿಯಾ ಅಂದೆವು. ನಾನು ಹೊಳೆನರಸೀಪುರದಲ್ಲಿ ಹೈಸ್ಕೂಲು ಮೇಷ್ಟ್ರು. ನಿಜ ಹಬ್ಬಿದರೆ ಹುಡುಗರು ಇಡುವ ಹೆಸರು ನಿವೃತ್ತಿಯಾದ ಮೇಲೂ ಪಿಂಚಣಿಯ ಜೊತೆಗೇ ಬರುತ್ತದೆ. ಆದರೆ ಸುಳ್ಳಿಗೂ ಚಿಕಿತ್ಸೆ ನಡೆಯುತ್ತದೆಂದು ನನಗೆ ಗೊತ್ತಿರಲಿಲ್ಲ. ಮಲ್ಲಿಪಟ್ಟಣದ ಸೋದರತ್ತೆ ಬಂದವಳೇ ದುಪ್ಪಟಿಯ ಕೆಳಗಿನ ಗುಡ್ಡ ನೋಡಿ ಎದೆ ಬಡಿದುಕೊಂಡಳು. "ಅಯ್ಯೋ ನನ್ ಮಗನೇ, ಇಷ್ಟ್ ದಪ್ಪ ಊದ್ಕಂಡದಲ್ಲಪ್ಪೋ! ಕುಯ್ದ್ರೂ ಇಳ್ದಿಲ್ವಾ? ಒಟ್ಟೆ ಬಿಗ್ಯಾಗ್ ಕಟ್ಟುದ್ರೆ ಒಳೀಕ್ ಓಯ್ತದೆ ತಡಿ!" ಹೆಂಡತಿ ಅಡುಗೆಮನೆಯಿಂದ ಓಡಿಬರುವಷ್ಟರಲ್ಲಿ ಅತ್ತೆ ಹಳೇ ಸೀರೆ ಹರಿದು ದುಪ್ಪಟಿಯ ಮೇಲೆಯೇ ಹೊಟ್ಟೆಗೆ ಸುತ್ತಿ ಎಳೆದಳು. ಮಂಕರಿ ಜರುಗಿ ದುಪ್ಪಟಿ ಗಾಯಕ್ಕೆ ಸೋಕಿತು. ನಾನು ಬೊಬ್ಬೆ ಹೊಡೆದೆ. "ನೋವಾದ್ರೆ ವಾಸಿಯಾಯ್ತದೆ ಅಂತ್ಲೇ ಕಣ" ಅಂದಳು ಆ ಮಹಾವೈದ್ಯೆ.

ಆ ಹೊತ್ತಿಗೆ ಹಿರೀಸಾವೆಯ ನಮ್ಮ ಭಾವ ಬಂದರು. ಹೆದ್ದಾರಿಯಲ್ಲಿ ಹೋಟೆಲು ನಡೆಸುವವರು, ಇಡ್ಲಿಗಿಂತ ಸುದ್ದಿಯನ್ನೇ ಬಿಸಿಯಾಗಿ ಬಡಿಸುವವರು. ಎಲ್ಲರನ್ನೂ ಆಚೆಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ದುಪ್ಪಟಿಯ ಅಂಚೆತ್ತಿ ಮಂಕರಿ ನೋಡಿ ದನಿ ತಗ್ಗಿಸಿದರು. "ಅರ್ನಿಯಾಕ್ಕೆ ಯಾರ್ಲಾ ಮಂಕರಿ ಮುಚ್ತಾರೆ? ನಂಗೂ ಸಕ್ಕರೆ ಅಲ್ವಾ, ಅಲ್ಲಿ ಬಿಗ್ಕಂಡ್ಬುಟ್ಟದೆ ಕಣಪ್ಪ. ಉಚ್ಚೆ ಉಯ್ಯಕ್ಕೆ ಪ್ರಾಣ ಓಯ್ತದೆ. ಯಾರಿಗ್ ಯೇಳನ?" ಅವರ ಕಣ್ಣಲ್ಲಿ ನೀರಿತ್ತು. ಅಲ್ಲಿಯವರೆಗೆ ಅವರನ್ನು ಕಂಡರಾಗದ ನನಗೆ ಅಯ್ಯೋ ಅನ್ನಿಸಿತು. ಇದ್ದದ್ದನ್ನೆಲ್ಲ ಹೇಳಿದೆ. ಬೆಚ್ಚನೆ ನೀರು, ವ್ಯಾಸಲೀನು, ಮಂಕರಿ, ಯಾವುದನ್ನೂ ಬಿಡಲಿಲ್ಲ.

"ಮನೇಲಿ ಏನಂತ ಯೇಳ್ಲಿ?" ಅಂದರು.

"ನಾಚಿಕೆ ಯಾಕೆ ಭಾವ? ಕಾಯಿಲೆ ಅಂದ್ರೆ ಕಾಯಿಲೆ. ಎದೆ ತಟ್ಟಿ ಸತ್ಯ ಹೇಳಿಬಿಡಿ" ಎಂದು ಮಂಕರಿಯ ಕೆಳಗಿನಿಂದಲೇ ಭಾಷಣ ಬಿಗಿದೆ. ಭಾವ ಧೈರ್ಯ ತಂದುಕೊಂಡು, ಮುಖ ಒರೆಸಿಕೊಂಡು ನಡುಮನೆಗೆ ಹೋದರು. ಅವರ ದನಿ ಬೀದಿಗೆಲ್ಲ ಕೇಳುವಂತಿತ್ತು.

"ಅತ್ತೇ, ಇವನ್ದು ಅರ್ನಿಯಾ ಅಲ್ಲ ಕಣವ್ವಾ, ಸುನ್ನತಿ ಮಾಡ್ಸವ್ನೆ! ಇರ್ಲಿ, ಬರೋ ವಾರ ನಂಗೂ ಆಪರೇಸನ್ ಐತೆ."

"ನಿಮಗೇನಪ್ಪಾ ಬಂತು?" ಅಂದಳು ಅತ್ತೆ, ಗಾಬರಿಯಿಂದ.

"ಅರ್ನಿಯಾ."

ಸತ್ಯ ಹೇಳಿ ಎಂದು ನಾನೇ ಹೇಳಿಕೊಟ್ಟಿದ್ದೆ. ಯಾರ ಸತ್ಯ ಎಂದು ಹೇಳುವುದನ್ನು ಮಾತ್ರ ಮರೆತಿದ್ದೆ.