ಮೊದಲ ಎರಡು ತಾಸಿನ ಭಾವ

ತೀರಿಹೋದ ಗಂಡನ ಶಿಪಾಯಿ ಕೆಲಸ, ಅಂದರೆ ಕಚೇರಿಯ ಜವಾನನ ಕೆಲಸ, ಹೆಂಡತಿಗೆ ಸಿಗಬೇಕಾದರೆ ಆಕೆ ಹತ್ತನೆಯ ತರಗತಿ ಪಾಸಾಗಿರಬೇಕು. ಇದು ಉಮರ್ಗಾದಲ್ಲಿ ಎಲ್ಲರಿಗೂ ಗೊತ್ತಿತ್ತು. ಆಕೆಯ ಮೈದುನನಿಗೆ ಗೊತ್ತಿತ್ತು, ಓಣಿಯ ಕಿರಾಣಿ ಅಂಗಡಿಯವನಿಗೆ ಗೊತ್ತಿತ್ತು, ಗಣಿತದಲ್ಲಿ ಎಂ.ಎಸ್ಸಿ. ಮಾಡಿ ಬಟ್ಟೆ ಅಂಗಡಿಯ ಮಾಳಿಗೆ ಮೇಲೆ ಟ್ಯೂಷನ್ ನಡೆಸುವ ನನಗೂ ಗೊತ್ತಿತ್ತು.

ಟ್ಯೂಷನ್ ಮಾಸ್ತರನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ಮಕ್ಕಳು ದಿನಕ್ಕೊಂದು ಕೊಡುತ್ತಾರೆ. ಇಲ್ಲಿರುವವು ಮಾತ್ರ ಒಬ್ಬಳೇ ಹೆಂಗಸಿನವು. ಉದಗೀರದ ಕಾಳಿನ ಅಂಗಡಿಯವರ ಮಗಳು. ಒಂಬತ್ತನೆಯ ತರಗತಿಯವರೆಗೆ ಓದಿ, ಮದುವೆಯಾಗಿ ಉಮರ್ಗಾಕ್ಕೆ ಬಂದವಳು. ನಿಲಂಗಾದ ಒಂದು ಕಚೇರಿಯಲ್ಲಿ ಶಿಪಾಯಿಯಾಗಿದ್ದ ಗಂಡ ನೌಕರಿಯಲ್ಲಿರುವಾಗಲೇ ತೀರಿಹೋದ. ಹೊರಗಿನಿಂದ ಪರೀಕ್ಷೆಗೆ ಕೂಡುವವರು ತುಂಬುವ ಫಾರ್ಮು ತುಂಬಿ ಎರಡು ಸಲ ಕೂತಳು. ಮೊದಲ ಸಲವೇ ಎಲ್ಲದರಲ್ಲಿ ಪಾಸು, ಗಣಿತದಲ್ಲಿ ನಪಾಸು. ಎರಡನೆಯ ಸಲ ನಾಲ್ಕು ಅಂಕ ಕಡಿಮೆ. ಪರೀಕ್ಷೆಯಲ್ಲಿ ಪ್ರತಿ ಸಲ ಬರುವ, ಆಕೆ ಪ್ರತಿ ಸಲ ತಪ್ಪುವ ತಾಸಿನ ಬಾಡಿಗೆಯ ಲೆಕ್ಕಕ್ಕೂ ನಾಲ್ಕೇ ಅಂಕ. ಆಗ ನನ್ನ ಬಳಿ ಬಂದಳು.

೧. ಠೋಕ ಗಿರಾಕಿ

ಮೊದಲ ದಿನ ಲೆಕ್ಕ ಕೊಟ್ಟೆ. ಒಂದು ಸಭಾಗೃಹದ ಬಾಡಿಗೆಯ ದರ ಮೊದಲ ಎರಡು ತಾಸು ತಾಸಿಗೆ ನೂರು ರೂಪಾಯಿ. ಅದರ ಮುಂದಿನ ಪ್ರತಿ ತಾಸಿಗೆ ಅರವತ್ತು. ಐದು ತಾಸಿಗೆ ಎಷ್ಟು?

"ಮುನ್ನೂರು," ಅಂದಳು, ಪೆನ್ನು ಎತ್ತದೆ.

"ಮುನ್ನೂರಾ ಎಂಬತ್ತು, ಅಕ್ಕಾ. ಮೊದಲಿನ ಎರಡು ತಾಸಿಗೆ ನೂರರ ಭಾವ."

"ಐದು ತಾಸು ತಗೊಂಡಾನಂದ್ರ ಅಂವಾ ಠೋಕ ಗಿರಾಕಿ, ಸಗಟು ಒಯ್ಯಾಂವ ಆದನಲ್ರಿ ಸರ. ಹತ್ತು ಚೀಲ ತೊಗರಿ ಒಯ್ಯಾಂವಗ ಮೊದಲಿನ ಎರಡು ಚೀಲಕ್ಕ ಚಿಲ್ಲರ ಭಾವ ಹಚ್ಚತಾರೇನ್ರಿ? ಹಂಗ ಮಾಡಿದ್ರ ನಮ್ಮಪ್ಪನ ಅಂಗಡಿಗಿ ಯಾರೂ ಬರತಿದ್ದಿಲ್ಲ."

"ಪರೀಕ್ಷಾ ಬೋರ್ಡು ನಿಮ್ಮಪ್ಪ ಅಲ್ಲ."

"ಗೊತ್ತದರೀ. ನಮ್ಮಪ್ಪ ಆಗಿದ್ರ ಎರಡು ಸಲ ಫೀ ಕೊಟ್ಟಾಕಿಗಿ ಮೂರನೇ ಸಲಕ್ಕ ಏನರ ಕಡಿಮಿ ಮಾಡತಿದ್ದ."

೨. ಊಟದ ಅರ್ಧ ತಾಸು

ಸಭಾಗೃಹ ಆಕೆ ಕಂಡದ್ದಲ್ಲ, ಅದಕ್ಕೇ ತಲೆಗೆ ಹೋಗುತ್ತಿಲ್ಲ ಎಂದು ತೀರ್ಮಾನಿಸಿದೆ. ಶಿಕ್ಷಣದ ಪುಸ್ತಕಗಳು ಹಾಗೆ ಹೇಳುತ್ತವೆ. ಕಂಡ ವಸ್ತು ಇರಲೆಂದು ಲೆಕ್ಕಕ್ಕೆ ಜೆಸಿಬಿ ತಂದೆ. ಮೊದಲ ತಾಸಿಗೆ ಸಾವಿರದ ಇನ್ನೂರು, ಮುಂದಿನ ಪ್ರತಿ ತಾಸಿಗೆ ಒಂಬೈನೂರು. ಹತ್ತು ಗಂಟೆಗೆ ಬಂದ ಗಾಡಿ ಎರಡು ಗಂಟೆಗೆ ಹೋಯಿತು.

"ಊಟದ ಅರ್ಧ ತಾಸು ಯಾರ ಲೆಕ್ಕಕ್ಕರಿ?"

"ಲೆಕ್ಕದಾಗ ಊಟ ಇಲ್ಲ ಅಕ್ಕಾ."

"ಹತ್ತರಿಂದ ಎರಡರ ತನಕಾ ಉಪಾಸ ದುಡಿಯೋ ಡ್ರೈವರನ್ನ ನೀವು ನೋಡೀರೇನ್ರಿ?"

ನಾನು ನೋಡಿರಲಿಲ್ಲ. ಹಿಂದಿನ ಬೆಂಚಿನ ಹುಡುಗರು ಇದನ್ನು ಬಹಳ ಗಮನವಿಟ್ಟು ಕೇಳಿಸಿಕೊಂಡರು. ನಾನು ಹೇಳಿದ್ದನ್ನು ಅವರು ಹಾಗೆ ಎಂದೂ ಕೇಳಿದ್ದಿಲ್ಲ. ಮುಂದಿನ ಟೆಸ್ಟಿನಲ್ಲಿ ಹದಿನಾಲ್ಕು ಮಕ್ಕಳಲ್ಲಿ ಹನ್ನೊಂದು ಮಂದಿ ಊಟದ ಹೊತ್ತು ಕಳೆದು ಉತ್ತರ ಬರೆದಿದ್ದರು. ಉಳಿದ ಮೂವರು ಚಹಾದ ಹೊತ್ತನ್ನೂ ಕಳೆದಿದ್ದರು.

೩. ಖಾಲಿ ಬಿಟ್ಟದ್ದು

ಆಕೆ ಯಾವ ಲೆಕ್ಕವನ್ನೂ ಖಾಲಿ ಬಿಡುವವಳಲ್ಲ. ತಪ್ಪಾದರೂ ಬರೆಯುತ್ತಿದ್ದಳು. ಒಂದೇ ಒಂದನ್ನು ಬಿಟ್ಟಳು. ಬಾಡಿಗೆ ಗಾಡಿ ಬಾಗಿಲಲ್ಲಿ ಕಾಯುವ ಲೆಕ್ಕ. ಮೊದಲ ತಾಸಿಗೆ ಇಷ್ಟು, ಮುಂದೆ ತಾಸಿಗೆ ಇಷ್ಟು, ಒಟ್ಟು ಎಷ್ಟು?

"ಇದೇನು ಬಿಟ್ಟೀರಿ?"

"ಇದು ನಾ ಒಮ್ಮಿ ಮಾಡೀನ್ರಿ."

ಲಾತೂರಿನ ಆಸ್ಪತ್ರೆಯಿಂದ ಗಂಡನ ಹೆಣ ತಂದ ಗಾಡಿ ಅದು. ಮಣ್ಣು ಆಗಬೇಕಾದದ್ದು ಸಾಸ್ತೂರಿನ ಹೊಲದಲ್ಲಿ, ಅಲ್ಲಿಗೂ ಅದೇ ಗಾಡಿ ಒಯ್ಯಬೇಕು. ಜಳಕೋಟದಿಂದ ನಾದಿನಿ ಬಂದು ಅಣ್ಣನ ಮುಖ ನೋಡುವವರೆಗೆ ಗಾಡಿ ಬಾಗಿಲಲ್ಲೇ ನಿಂತಿತ್ತು. ಒಳಗೆ, ನಮ್ಮ ಲಿಂಗಾಯತರ ಪದ್ಧತಿಯಂತೆ, ಗಂಡನಿಗೆ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂಡಿಸಿದ್ದರು.

"ಅಂವಾ ನನ್ನ ಬಾಜೂಕ ಕುಂತಾನ. ಮಂದಿ ಭಜನಿ ಮಾಡಲಿಕ್ಕತ್ಯಾರ. ನಾ ಬಾಯಾಗ ತಾಸು ಎಣಸಲಿಕ್ಕತ್ತೀನಿ. ಮೊದಲಿನ ತಾಸಿಗಿ ಒಂದು ಭಾವ, ಮುಂದ ಒಂದು ಭಾವ, ಈಗ ಎಷ್ಟಾತು, ಈಗ ಎಷ್ಟಾತು. ಅಳಬೇಕಂತ ನೆನಪ ಇದ್ದಿಲ್ರಿ. ಮಂದಿ ಅಂದ್ರು, ಪಾಪ, ಜಪಾ ಮಾಡಲಿಕ್ಕತ್ಯಾಳ."

ಏನಾದರೂ ಹೇಳಬೇಕಿತ್ತು. ನನಗೆ ಬರುವುದು ಒಂದೇ. "ಉತ್ತರ ಎಷ್ಟು ಬಂತು?"

"ಸೊನ್ನಿ. ನಿಂತದ್ದಕ್ಕ ಡ್ರೈವರ್ ರೊಕ್ಕಾನೇ ತಗೊಳ್ಳಿಲ್ಲ." ಪೆನ್ನಿನ ಮುಚ್ಚಳ ಹಾಕಿದಳು. "ಸೊನ್ನಿ ಅಂತ ಬರದ್ರ ಬೋರ್ಡಿನವರು ಒಪ್ಪತಾರೇನ್ರಿ?"

ಸರಿ ಉತ್ತರದ ಕೈಪಿಡಿಯಲ್ಲಿ ಬೇರೆ ಇತ್ತು.

೪. ಎರಡು ಅಂಗಡಿ

ಫೆಬ್ರುವರಿ ಬಂತು. ನನ್ನ ವಿದ್ಯೆಯೆಲ್ಲ ಮುಗಿದಿತ್ತು. ಕೊನೆಗೆ ಹಲಗೆಯ ನಡುವೆ ಉದ್ದ ಗೆರೆ ಎಳೆದೆ.

"ಇವು ಎರಡು ಅಂಗಡಿ ಅಂತ ತಿಳೀರಿ. ಮೊದಲಿನ ಎರಡು ತಾಸು ಈ ಅಂಗಡಿದು. ಉಳಿದ ತಾಸು ಆ ಅಂಗಡಿದು. ಇವನ ಭಾವ ಅವನಿಗಿಲ್ಲ, ಅವನ ಭಾವ ಇವನಿಗಿಲ್ಲ."

"ಬಾಜೂಕ ಬಾಜೂಕ ಅವ, ಭಾವ ಕೂಡಸೂದಿಲ್ಲಾ?"

"ಇಲ್ಲ. ಇಬ್ಬರೂ ಮಾತು ಬಿಟ್ಟಾರ."

"ಯಾಕ?"

"ಅಣ್ಣತಮ್ಮಂದಿರು."

"ಹಾಂ!" ಅಂದಳು. "ಇದನ್ನ ಜೂನ್‌ದಾಗ ಹೇಳೂದು ಬಿಟ್ಟು ಜೆಸಿಬಿ ಯಾಕ ತಂದ್ರಿ?"

ಆಮೇಲೆ ಒಂದೂ ತಪ್ಪಲಿಲ್ಲ. ಎರಡು ಭಾವ, ಮೂರು ಭಾವ, ಎಷ್ಟೇ ಹಂತ ಕೊಡಿ, ಗೆರೆ ಎಳೆದು ಪಟಪಟನೆ ಬಿಡಿಸುತ್ತಿದ್ದಳು. ಮೂರು ಹಂತ ಬಂದರೆ ಮಾತ್ರ ಒಂದು ಸಲ ನಿಟ್ಟುಸಿರು ಬಿಡುತ್ತಿದ್ದಳು. ಮೂವರು ಅಣ್ಣತಮ್ಮಂದಿರ ತಾಯಿಯ ಗತಿ ನೆನಪಾಗುತ್ತದಂತೆ.

೫. ಅರ್ಜಿ

ಪಾಸಾದಳು. ಬೇಕಾದದ್ದಕ್ಕಿಂತ ಆರು ಅಂಕ ಹೆಚ್ಚು. ಮೈದುನ ಓಣಿಗೆಲ್ಲ ಪೇಢೆ ಹಂಚಿದ. ನನಗೆ ಒಂದು ಟವೆಲ್ಲು, ಒಂದು ತೆಂಗಿನಕಾಯಿ. ಕಿರಾಣಿ ಅಂಗಡಿಯವನು ಇನ್ನು ಮೇಲೆ ಆಕೆಯನ್ನು 'ಮ್ಯಾಡಮ್' ಎಂದೇ ಕರೆಯುವುದಾಗಿ ಸಾರಿದ.

ಅಂಕಪಟ್ಟಿ ಕೈಗೆ ಬಂದ ಮರುದಿನ ನಿಲಂಗಾಕ್ಕೆ ಹೋದೆವು. ಓದಿದವನೊಬ್ಬ ಜೊತೆಗಿರಲಿ ಎಂದು ನನ್ನನ್ನೂ ಕರೆದಳು. ಬಸ್ಸಿನಲ್ಲಿ ಅಂಕಪಟ್ಟಿಯನ್ನು ಸೀರೆಯ ಮಡಿಕೆಯಲ್ಲಿ ಹಿಡಿದಿದ್ದಳು. ತೆಕ್ಕೆಯ ಕೂಸಿನ ಹಾಗೆ, ಬಿಸಿಲು ತಾಕದಂತೆ. ಕಚೇರಿಯ ಬಾಗಿಲಲ್ಲಿ ಗಂಡ ಕೂರುತ್ತಿದ್ದ ಸ್ಟೂಲು ಹಾಗೇ ಇತ್ತು. ಯಾರೂ ಕೂತಿರಲಿಲ್ಲ. ಆಕೆ ಅದನ್ನು ಒಮ್ಮೆ ನೋಡಿ ಒಳಗೆ ನಡೆದಳು.

ಗುಮಾಸ್ತ ಅರ್ಧ ಮರಾಠಿ, ಅರ್ಧ ಕನ್ನಡ ಮಾತಾಡುವ ಮುದಿ ಮನುಷ್ಯ. ಗಂಡನ ಹೆಸರು ಹೇಳಿದ ಕೂಡಲೇ ಕುರ್ಚಿ ಕೊಟ್ಟ. ಕೆಟ್ಟವನಲ್ಲ.

"ವಯಸ್ಸೆಷ್ಟು ತಾಯಿ?"

"ನಲವತ್ತೈದು ಮುಗದು ಎರಡು ತಿಂಗಳಾತ್ರಿ."

ಅವನು ಪೆನ್ನು ಕೆಳಗಿಟ್ಟ. "ಅರೇ ದೇವಾ. ನಲವತ್ತೈದರ ಒಳಗ ಅರ್ಜಿ ಬರಬೇಕಿತ್ತು. ನಾವು ಹಾದಿ ನೋಡೇ ನೋಡಿದೆವು. ಬ್ಯಾಡಾಗಿರಬೇಕು ಅಂತ ಸುಮ್ಮನಾದೆವು."

ಆಕೆ ನನ್ನತ್ತ ತಿರುಗಿ ನಕ್ಕಳು. ನಿಜಕ್ಕೂ ನಕ್ಕಳು. "ಶಾಣ್ಯಾಕಿ ಆಗೂದ್ರಾಗ ಮುದುಕಿ ಆದೆ ನೋಡ್ರಿ ಸರ."

"ಇಷ್ಟು ದಿನಾ ಯಾಕ ಬರಲಿಲ್ಲ?" ಗುಮಾಸ್ತ ಕೇಳಿದ.

"ಹತ್ತನೇದು ಪಾಸಾಗಲಿ ಅಂತ ನಿಂತಿದ್ವಿ," ಅಂದೆ. ನನ್ನ ಉದ್ಯೋಗದ ಹೆಮ್ಮೆ ಇನ್ನೂ ಸ್ವಲ್ಪ ಉಳಿದಿತ್ತು.

"ಹತ್ತನೇದು ಯಾಕ?"

ಕಡತ ಬಿಚ್ಚಿ, ನಿಯಮದ ಹಾಳೆಯನ್ನು ನನ್ನ ಕಡೆ ತಿರುಗಿಸಿದ. ಮೂವರಲ್ಲಿ ಹೆಚ್ಚು ಓದಿದವನು ನಾನೇ ಆದ್ದರಿಂದ ನಾನೇ ಗಟ್ಟಿಯಾಗಿ ಓದಿದೆ. ಶಿಪಾಯಿ ಹುದ್ದೆಗೆ ಬೇಕಾದ ಶಿಕ್ಷಣ: ಏಳನೆಯ ತರಗತಿ.