ಕಾಕಾನ ಸಾಹೇಬ ಕ್ರಿಸ್‌ಮಸ್ ಹಾಡು ಹಾಡಿದ್ದು

ನಮ್ಮ ಕಾಕಾ ಜೀವಮಾನದಲ್ಲಿ ಯಾರ ಮಾತನ್ನೂ ಕೇಳಿದವರಲ್ಲ. ಅಜ್ಜನ ಮಾತು ಕೇಳಲಿಲ್ಲ, ರೈಲ್ವೆ ಕಚೇರಿಯ ಮೇಲಧಿಕಾರಿಯ ಮಾತು ಕೇಳಲಿಲ್ಲ, ಹೆಂಡತಿ ಕಾಕೂನ ಮಾತಂತೂ ಬಿಡಿ, ಅದನ್ನು ಕೇಳದಿರುವುದನ್ನೇ ಒಂದು ಯೋಗಾಭ್ಯಾಸ ಮಾಡಿಕೊಂಡಿದ್ದರು. ನಲವತ್ತೈದು ವರ್ಷ ಅವರು ಭಕ್ತಿಯಿಂದ ಕಿವಿಗೊಟ್ಟದ್ದು ಒಬ್ಬನೇ ಒಬ್ಬನಿಗೆ: ಸಮುದ್ರದಾಚೆಯ ಒಬ್ಬ ರಾಕ್ ಹಾಡುಗಾರನಿಗೆ. ಅವನು ಒದರಿದ್ದರಲ್ಲಿ ಮುಕ್ಕಾಲು ಪಾಲು ಕಾಕಾಗೆ ತಿಳಿಯುತ್ತಿರಲಿಲ್ಲ. ಬಹುಶಃ ಅದಕ್ಕೇ ಆ ಸಂಬಂಧ ಅಷ್ಟು ವರ್ಷ ಜಗಳವಿಲ್ಲದೆ ನಡೆಯಿತು!

ಆ ಹಾಡುಗಾರನ ಹೆಸರು ನಮ್ಮ ಮನೆಯಲ್ಲಿ ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಹಾಗಾಗಿ ಎಲ್ಲರೂ ಅವನನ್ನು ‘ಸಾಹೇಬ’ ಅನ್ನುತ್ತಿದ್ದೆವು. ಗೋಡೆಯ ಮೇಲೆ ಅಜ್ಜ ಅಜ್ಜಿಯ ಫೋಟೋ ಪಕ್ಕದಲ್ಲೇ ಉದ್ದ ಕೂದಲು ಬಿಟ್ಟುಕೊಂಡು, ಬಾಯಿ ತೆರೆದುಕೊಂಡು ಸಾಹೇಬ ನಿಂತಿದ್ದ. ಕಾಕೂ ಅಜ್ಜ ಅಜ್ಜಿಗೆ ಹೂವಿನ ಹಾರ ಹಾಕುವಾಗ ಅವನಿಗೂ ಒಂದು ಹೂವು ಸಿಕ್ಕಿಸುತ್ತಿದ್ದರು. ಯಾಕೆಂದು ಕೇಳಿದರೆ, “ಹಲ್ಲುನೋವು ಬಂದಿರಬೇಕು ಪಾಪ, ಎಷ್ಟು ವರ್ಷದಿಂದ ಬಾಯಿ ತಕ್ಕೊಂಡು ನಿಂತಾನ!” ಎನ್ನುತ್ತಿದ್ದರು.

ಈ ಭಕ್ತಿ ಶುರುವಾದದ್ದು ಒಂದು ತಪ್ಪು ಡಬ್ಬಿಯಿಂದ. ಸೊಲ್ಲಾಪುರದಲ್ಲಿ ಕಾಲೇಜು ಓದುವಾಗ ಕಾಕಾನ ಜೊತೆ ಒಂದೇ ಕೋಣೆಯಲ್ಲಿದ್ದವರು ಅಕ್ಕಲಕೋಟೆಯ ಪಾಟೀಲರು. ಜೋಳ, ತೊಗರಿ ಬೆಳೆಯುವ ಮನೆತನ. ಪಾಟೀಲರು ತಾಯಿಗೆಂದು ಪೇಟೆಯಿಂದ ಒಂದು ಭಜನೆಯ ಕ್ಯಾಸೆಟ್ ತಂದರು. ಡಬ್ಬಿಯ ಮೇಲೆ ವಿಠ್ಠಲ, ಒಳಗೆ ಸಾಹೇಬ! ಕೈಮುಗಿದು ಕೂತಿದ್ದ ಆ ತಾಯಿ ಮೊದಲ ಹಾಡು ಶುರುವಾಗುತ್ತಲೇ ಗಾಬರಿಬಿದ್ದು, “ಯಾರನ್ನೋ ಬಡ್ಯಾಕತ್ತಾರಪ್ಪೋ, ಹೋಗಿ ಬಿಡಸ್ರೋ!” ಎಂದು ಕೂಗಿದರಂತೆ. ಬಿಡಿಸಲು ಹೋದ ಇಬ್ಬರು ತಾವೇ ಸಿಕ್ಕಿಬಿದ್ದರು. ಅಂದಿನಿಂದ ಸೊಲ್ಲಾಪುರ ಅಕ್ಕಲಕೋಟೆಗಳ ನಡುವೆ ಸಾಹೇಬನಿಗೆ ಇಬ್ಬರು ಅಭಿಮಾನಿಗಳು. ಸಂಘ ಅಂತಲೂ ಆಯಿತು: ಕಾಕಾ ಅಧ್ಯಕ್ಷರು, ಪಾಟೀಲರು ಕಾರ್ಯದರ್ಶಿ. ಸದಸ್ಯರು ಯಾರು ಅಂತ ಕೇಳಬೇಡಿ, ಅಷ್ಟು ಜನ ಇರಲಿಲ್ಲ.

ಅಧ್ಯಕ್ಷರ ಸಮವಸ್ತ್ರ ಕಪ್ಪು ಟೀ ಶರ್ಟು, ಎದೆಯ ಮೇಲೆ ತಲೆಬುರುಡೆ, ಕೆಳಗೆ ಅಡ್ಡಡ್ಡ ಎರಡು ಎಲುಬು. ಅರವತ್ತೈದರ ವಯಸ್ಸಿನಲ್ಲಿ, ಬಿಳಿ ಕೂದಲಿಗೆ ಜುಟ್ಟು ಕಟ್ಟಿಕೊಂಡು, ಇದೇ ಅಂಗಿಯಲ್ಲಿ ಕಾಕಾ ವಳಸಂಗದ ಒಂದು ಮದುವೆಗೆ ಬಂದರು. ಬಾಗಿಲಲ್ಲಿದ್ದ ಮುದುಕಿ ದಿಟ್ಟಿಸಿ ನೋಡಿ ಒಳಗೆ ಕೂಗಿ ಹೇಳಿದಳು: “ಏ, ಕರೆಂಟ್ ಆಫೀಸದವರು ಬಂದಾರ ನೋಡ್ರಿ, ಲೈಟಿನ ಸರ ತಗೀರಿ ಲಗೂನ!”

ಪ್ರತಿ ಭಾನುವಾರ ಕಾಕಾ ಅಕ್ಕಲಕೋಟೆಯ ಬಸ್ಸು ಹಿಡಿಯುತ್ತಿದ್ದರು. ಆ ಬಸ್ಸಿನಲ್ಲಿ ಹೋಗುವವರೆಲ್ಲ ಅಲ್ಲಿಯ ಸ್ವಾಮಿಗಳ ಗುಡಿಯ ದರ್ಶನಕ್ಕೆ ಹೋಗುವವರು. “ದರ್ಶನಕ್ಕ ಹೊಂಟೀರೇನ್ರಿ ಕಾಕಾ?” ಎಂದು ಕಂಡಕ್ಟರ್ ಕೇಳಿದರೆ, “ಹೌದ್ರಿ, ಆದ್ರ ನಮ್ಮ ದೇವ್ರು ಬ್ಯಾರೆ,” ಅನ್ನುತ್ತಿದ್ದರು. ಪಾಟೀಲರ ಮನೆಯಂಗಳದ ಬೇವಿನ ಮರದ ಕೆಳಗೆ ಇಬ್ಬರೂ ಕೂತು ಮಧ್ಯಾಹ್ನದವರೆಗೆ ಸಾಹೇಬನನ್ನು ಕೇಳುವುದು, ಆಮೇಲೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ತಿನ್ನುವುದು. ಒಂದು ವರ್ಷ ಜೋಳ ತೆನೆಗೆ ಬಂದಾಗ ಪಾಟೀಲರು ಹಕ್ಕಿ ಓಡಿಸಲು ಹೊಲದಲ್ಲಿ ಸಾಹೇಬನ ಹಾಡು ಹಚ್ಚಿಬಿಟ್ಟರು. ಒಂದು ಗುಬ್ಬಿಯೂ ಅತ್ತ ಸುಳಿಯಲಿಲ್ಲ. ಪಕ್ಕದ ಹೊಲದವನು ಬಂದು, “ಪಾಟೀಲ್ರ, ಆ ಒದರೂ ಮನಷ್ಯಾನ ನಮ್ಮ ಹೊಲಕ್ಕೂ ಎರಡು ದಿನ ಕಳಸ್ರಿ, ಊಟಾ ನಾವs ಹಾಕ್ತೀವಿ,” ಎಂದನಂತೆ. ಅಧ್ಯಕ್ಷರು ಕಾರ್ಯದರ್ಶಿಯ ಮೇಲೆ ಒಂದು ವಾರ ಮುನಿಸಿಕೊಂಡರು. ಮುಂದಿನ ಭಾನುವಾರ ಮತ್ತೆ ಬಸ್ಸು ಹತ್ತಿದರು.

ಆಗೆಲ್ಲ ಮುನಿಸಿನ ಆಯುಷ್ಯ ಒಂದು ವಾರ ಮಾತ್ರ ಇತ್ತು. ಅದು ನಾಲ್ಕು ತಿಂಗಳಾಗುವ ಹಾಗೆ ಮಾಡಿದವಳು ನಾನು.

ನಾನು ಕಾಕಾನ ಅಣ್ಣನ ಮಗಳು, ಪಕ್ಕದ ಓಣಿಯಲ್ಲೇ ಮನೆ, ಪೇಟೆಯ ಒಂದು ಕಚೇರಿಯಲ್ಲಿ ಕೆಲಸ. ಇಬ್ಬರು ಮುದುಕರಿಗೂ ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಟ್ಟವಳು ನಾನೇ. ಕಾಕಾಗೆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ, ಕನ್ನಡಕ ಹಾಕಿದರೆ ರಾಕ್‌ಗೆ ಅವಮಾನ! ಹೀಗಾಗಿ ಅವರು ಹೇಳುವುದು, ಅವರ ಫೋನಿನಲ್ಲಿ ನಾನು ಬರೆಯುವುದು. ಸೊಲ್ಲಾಪುರದ ಮರಾಠಿ ಶಾಲೆಯಲ್ಲಿ ಕಲಿತ ನನ್ನ ಮಕ್ಕಳಿಗೆ ಕನ್ನಡ ಓದಲು ಬಾರದು. ಮನೆಯಲ್ಲಿ ಕನ್ನಡ ಬರೆಯಬಲ್ಲವಳು ನಾನೊಬ್ಬಳೇ ಎಂಬ ಜಂಬ ಬೇರೆ. ಅವರ ಒಂದು ಮಾತಿಗೆ ನಾನು ಎರಡು ಒಗ್ಗರಣೆ ಹಾಕುತ್ತಿದ್ದೆ. ಕಾಕಾನದೇ ಮಾತೆಂದು ಪಾಟೀಲರು ನಗುತ್ತಿದ್ದರು, ಕಾಕಾಗೆ ಗೊತ್ತೇ ಆಗುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ಫೋನು ನೋಡುತ್ತ ಕೂತಿದ್ದವಳು ಸುದ್ದಿ ಓದಿ ಹೇಳಿದೆ: “ಕಾಕಾ, ನಿಮ್ಮ ಸಾಹೇಬ ಹೊಸಾ ಆಲ್ಬಂ ಮಾಡ್ಯಾನ. ಎಲ್ಲಾ ಕ್ರಿಸ್‌ಮಸ್ ಹಾಡು!”

ಕಾಕಾ ಬಶಿಯಲ್ಲಿದ್ದ ಚಹಾ ಕೆಳಗಿಟ್ಟರು. “ಯಾವ ಸಾಹೇಬ?”

“ನಿಮ್ಮಾಂವನs. ಬಿಳಿ ಗಡ್ಡಾ ಬಿಟ್ಟಾನ, ಕೆಂಪು ಸ್ವೆಟರ್ ಹಾಕ್ಕೊಂಡು ಬೆಂಕಿ ಮುಂದ ಕುಂತಾನ ನೋಡ್ರಿ.”

ಫೋಟೋ ನೋಡಿ ಅವರ ಮುಖ ಬಿದ್ದುಹೋಯಿತು. ಕಾಕೂ ಒಳಗಿನಿಂದ, “ಛಲೋ ಆತಲ್ಲ, ದೇವರ ಹಾಡು ಹಾಡ್ಯಾನ. ಅದರಾಗೇನು ತಪ್ಪು?” ಅಂದರು.

“ದೇವರದ್ದಲ್ಲ ಪ್ರಶ್ನಾ! ಆಂವಾ ಸತ್ಯನಾರಾಯಣನ ಕತಿ ಹಾಡಿದ್ರೂ ನಾ ಹಿಂಗs ಬೈತಿದ್ದೆ. ಸ್ವೆಟರ್ ಯಾಕ ಹಾಕ್ಕೊಂಡಾ? ಅದು ಹೇಳು ಮೊದಲ!”

ಜಗತ್ತಿನ ತುಂಬ ಅವನ ಅಭಿಮಾನಿಗಳು ಬೈಯುತ್ತಿದ್ದರು. ನಾನು ಒಂದೊಂದನ್ನೇ ಕನ್ನಡ ಮಾಡಿ ಓದಿ ಹೇಳಿದೆ. ‘ಮುದುಕ ಮಾರಿಕೊಂಡ.’ ‘ನನ್ನ ಯೌವನ ಇವತ್ತು ಸತ್ತಿತು.’ ‘ನಮ್ಮ ಅಜ್ಜಿಗೆ ಇಷ್ಟವಾಯಿತು, ಇದಕ್ಕಿಂತ ನಾಚಿಕೆ ಬೇಕೇ?’ ಕಾಕಾಗೆ ಆ ದಿನ ಸೊಲ್ಲಾಪುರದ ಹೊರಗೂ ಬಂಧುಬಳಗ ಇದೆ ಎಂದು ತಿಳಿಯಿತು. ತಾವೂ ಒಂದು ಬರೆಸಿದರು: “ಸಾಹೇಬ, ನಲವತ್ತೈದು ವರ್ಷ ನಿನ್ನ ಸಲುವಾಗಿ ಮನಿ ಮಂದಿ ಕಡಿಂದ ಬೈಸಿಕೊಂಡೀನಿ. ಈಗ ಅವ್ರು ನಗಾಕತ್ತಾರ. ಬರೋಬರ ಮಾಡಲಿಲ್ಲ ನೀ.” ಇಂಗ್ಲಿಷಿಗೆ ತಿರುಗಿಸಿ ಹಾಕಿದೆ. ಯಾರೋ ಒಬ್ಬ ಹೃದಯದ ಚಿತ್ರ ಒತ್ತಿದ. ಇಡೀ ದಿನ ಕಾಕಾ ಅದನ್ನೇ ನೋಡುತ್ತಿದ್ದರು. ಹಾಡು ಮಾತ್ರ ಒಂದನ್ನೂ ಕೇಳಲಿಲ್ಲ.

ಅದೇ ಸಂಜೆ ಪಾಟೀಲರ ಸಂದೇಶ ಬಂತು. ನಾನು ಜೋರಾಗಿ ಓದಿದೆ: “ಸಾಹೇಬನ ಹೊಸಾ ಹಾಡು ಕೇಳಿದೆ. ಒಂದು ಗಿಟಾರು, ಒಂದು ದನಿ, ನಡುವ ಒಂದು ಗಂಟಿ, ಅಷ್ಟs. ಭಾಳ ಛಲೋ ಹಾಡ್ಯಾನ. ಇಷ್ಟು ವರ್ಷದಾಗ ಮೊದಲನೇ ಸಲ ಆಂವನ ಒಂದೊಂದು ಶಬ್ದ ತಿಳೀತು.”

ಕಾಕಾ ಎದ್ದು ನಿಂತರು. “ಪಾಟ್ಲ್ಯಾನೂ ಆ ಕಡೆ ಹ್ವಾದ! ಬರಿ ನೀ, ಬರಿ: ನಿನ್ನ ಮಾತು ನನಗ ಪಟಸಂಗಿಲ್ಲ, ನಾ ಒಪ್ಪಂಗಿಲ್ಲ. ಸಾಹೇಬ ಸೋತಾನ.”

ಇಷ್ಟೇ ಅವರು ಹೇಳಿದ್ದು. ಇಷ್ಟನ್ನೇ ಬರೆದಿದ್ದರೆ ಏನಾಗುತ್ತಿತ್ತು? ಏನೂ ಇಲ್ಲ, ಒಂದು ವಾರದ ಮುನಿಸು. ಆದರೆ ನನಗೆ ಒಗ್ಗರಣೆಯ ಚಟ. ಕೊನೆಗೆ ಒಂದು ಸಾಲು ಸೇರಿಸಿದೆ: “ಮೊದಲ ಕಿವಿ ತೋರಿಸಿಕೊಂಡು ಬಾ, ಆಮ್ಯಾಲ ಹಾಡಿನ ಮಾತಾಡು.” ಕಳಿಸಿ, ಒಬ್ಬಳೇ ನಕ್ಕೆ.

ಸ್ವಲ್ಪ ಹೊತ್ತಿಗೆ ಪಾಟೀಲರು ಗುಂಪಿನಿಂದ ಹೊರಗೆ ಹೋದರು. ಆ ಭಾನುವಾರ ಕಾಕಾ ಬಸ್ಸು ಹತ್ತಲಿಲ್ಲ. “ಆಂವಾ ಗುಂಪು ಬಿಟ್ಟು ಹೋಗ್ಯಾನ. ಅಧ್ಯಕ್ಷ ತಾನಾಗಿ ಹ್ವಾದ್ರ ಮಾನ ಉಳೀತದೇನು?” ಅಂದರು. ಮುಂದಿನ ಭಾನುವಾರವೂ ಹೋಗಲಿಲ್ಲ. ಟೀ ಶರ್ಟು ಬಿಟ್ಟು ಬಿಳಿ ಅಂಗಿ ಹಾಕಿದರು. ಕಾಕೂ ಹೇಳಿದ್ದೇ ತಡ, ಅಂಗಡಿಗೆ ಹೋಗಿ ಮೆಂತ್ಯೆ ಸೊಪ್ಪು ತಂದರು! ಕಾಕೂ ಹೆದರಿ ನನ್ನನ್ನು ಕರೆದು, “ಇವರಿಗೆ ಏನಾಗ್ಯದ? ಕರದ್ರ ‘ಓ’ ಅಂತಾರ,” ಎಂದು ಪಿಸುಗುಟ್ಟಿದರು. ನಾನು ಆ ಸಾಲಿನ ವಿಷಯ ಬಾಯಿ ಬಿಡಲಿಲ್ಲ. ಇಂದು ಹೇಳೋಣ, ನಾಳೆ ಹೇಳೋಣ ಎಂದುಕೊಳ್ಳುತ್ತಲೇ ಬಿಸಿಲುಗಾಲ ಬಂತು.

ಒಂದು ದಿನ ನಮ್ಮ ಕಚೇರಿ ಇರುವ ಕಟ್ಟಡದ ಮೆಟ್ಟಿಲಲ್ಲಿ ಪಾಟೀಲರ ಬೆನ್ನು ಕಂಡಿತು. ಜೊತೆಗೆ ಅವರ ಹೆಂಡತಿ. “ಪಾಟೀಲ್ ಕಾಕಾ!” ಎಂದು ಕೂಗಿದೆ. ತಿರುಗಲಿಲ್ಲ. ಮತ್ತೆ ಕೂಗಿದೆ. ಸಿಟ್ಟು ಇನ್ನೂ ಇಳಿದಿಲ್ಲ ಅಂದುಕೊಂಡೆ. ಅವರ ಹೆಂಡತಿ ತಿರುಗಿ ನೋಡಿ, ಗಂಡನನ್ನು ಬೆಂಚಿನ ಮೇಲೆ ಕೂಡಿಸಿ, ನನ್ನ ಹತ್ತಿರ ಬಂದರು.

“ಅವರಿಗೆ ಕೇಳಸಂಗಿಲ್ಲವ್ವಾ. ಎರಡು ವರ್ಷದಿಂದ ಕಮ್ಮಿ ಆಗಕೋತ ಬಂದದ. ಬಲಗಿವಿ ಪೂರಾ ಹೋಗ್ಯದ, ಎಡಗಿವ್ಯಾಗ ಚೂರು ಉಳದದ. ಅದಕ್ಕs ಇಲ್ಲಿ ಮ್ಯಾಲಿನ ಕಿವಿ ಡಾಕ್ಟರ್ ಕಡೆ ಬಂದೀವಿ.”

“ಭಾನುವಾರ ಹಾಡು ಕೇಳ್ತಿದ್ರಲ್ಲ?”

“ಎಲ್ಲಿ ಕೇಳ್ತಿದ್ರು? ಆ ದೊಡ್ಡ ಹಾಡೆಲ್ಲಾ ಬರೇ ಗದ್ದಲ ಆಗಿ ಕೇಳ್ತಿತ್ತು ಅವರಿಗೆ. ‘ಅಂವಗ ಹೇಳಬ್ಯಾಡ, ಭಾನುವಾರ ಬರೋದು ಬಿಟ್ಟಾನು,’ ಅಂತಿದ್ರು. ತಲಿ ಅಲ್ಲಾಡಿಸಿಕೋತ ಕುಂಡ್ರೋರು. ಆ ಕ್ರಿಸ್‌ಮಸ್ ಹಾಡು ಸಾವಕಾಶ ಇತ್ತು ನೋಡು, ಅದೊಂದು ಕೇಳಿಸ್ತು. ಸಣ್ಣ ಹುಡುಗರಂಗ ಖುಷಿ ಪಟ್ಟಿದ್ರು. ಅವತ್ತs ನಿಮ್ಮ ಕಾಕಾಂದು ಅಂಥಾ ಮಾತು ಬಂತು, ಕಿವಿ ತೋರಿಸ್ಕೊಂಡು ಬಾ ಅಂತ. ‘ಅಂವಗ ಗೊತ್ತಾಗ್ಯದ, ಚೇಷ್ಟಾ ಮಾಡಾಕತ್ತಾನ,’ ಅಂತ ಭಾಳ ಮನಸಿಗೆ ಹಚ್ಕೊಂಡ್ರು.”

ಬೆಂಚಿನ ಮೇಲೆ ಪಾಟೀಲರು ನನ್ನನ್ನು ನೋಡಿ ನಕ್ಕರು.

ಆ ಸಂಜೆ ಕಾಕಾಗೆ ಎಲ್ಲವನ್ನೂ ಹೇಳಿದೆ, ಸಾಲು ಯಾರದೆಂಬುದನ್ನೂ. ಬೈಯಲಿ ಎಂದು ಕಾದೆ. ಅವರು, “ನನ್ನ ಫೋನಿನಿಂದ ಹೋದದ್ದು ನನ್ನ ಮಾತು. ನೀ ಪಾಟ್ಲ್ಯಾನ ಮುಂದ ಏನೂ ಹೇಳಬ್ಯಾಡ,” ಅಂದರು. ಆಮೇಲೆ ಮೆಲ್ಲಗೆ, “ನಾಲ್ಕು ತಿಂಗಳು... ಆ ನಾಲ್ಕು ತಿಂಗಳಾಗ ಆಂವಗ ಇನ್ನೂ ಸ್ವಲ್ಪ ಕೇಳಸ್ತಿತ್ತಲ್ಲ,” ಅಂದರು. ನನ್ನ ತಲೆ ತಗ್ಗಿತು, ಇಂದಿಗೂ ಪೂರ್ತಿ ಎದ್ದಿಲ್ಲ.

ಮರುದಿನ ಅವರು ಕನ್ನಡಕ ಹಾಕಿಕೊಂಡು ಸಾಹೇಬನ ಕ್ರಿಸ್‌ಮಸ್ ಹಾಡು ಕೇಳಲು ಕೂತರು. ಒಂದನ್ನು ಆರಿಸಿ, ಸಾಲು ಸಾಲಾಗಿ ನಿಲ್ಲಿಸಿ, ನನ್ನಿಂದ ಕನ್ನಡ ಅಕ್ಷರದಲ್ಲಿ ಬರೆಸಿಕೊಂಡರು. ಈ ಸಲ ನಾನು ಒಂದಕ್ಷರವನ್ನೂ ಸೇರಿಸಲಿಲ್ಲ. ವಾರವಿಡೀ ಬಚ್ಚಲಲ್ಲಿ, ಹಿತ್ತಲಲ್ಲಿ ಅದನ್ನೇ ಗಟ್ಟಿಯಾಗಿ ಬಾಯಿಪಾಠ ಮಾಡಿದರು. ಕಾಕೂ, “ಇವರಿಗೂ ಹಲ್ಲುನೋವು ಹತ್ತಿತು!” ಅಂದರು.

ಭಾನುವಾರ ನಾವಿಬ್ಬರೂ ಅಕ್ಕಲಕೋಟೆಗೆ ಹೋದೆವು. ರಣ ಬಿಸಿಲು. ಪಾಟೀಲರು ಬೇವಿನ ಕೆಳಗೆ ಹಗ್ಗದ ಮಂಚದ ಮೇಲೆ ಕೂತಿದ್ದರು. ಕಾಕಾನನ್ನು ಕಂಡವರೇ ಪಕ್ಕಕ್ಕೆ ಸರಿದು ಜಾಗ ಮಾಡಿದರು. ಕಾಕಾ ಕಾಲು ತೊಳೆಯಲು ಹೋದಾಗ ನನಗೆ ತಡೆಯಲಾಗಲಿಲ್ಲ. ಪಾಟೀಲರ ಎದುರು ಬಗ್ಗಿ, “ಆ ಮಾತು ಕಾಕಾ ಬರೆಸಿದ್ದಲ್ರಿ, ನಾನs ಸೇರಿಸಿದ್ದು. ತಪ್ಪಾತ್ರಿ,” ಅಂದೆ.

ಅವರು ನನ್ನ ಬಾಯಿಯನ್ನೇ ನೋಡಿ, ತಲೆ ಅಲ್ಲಾಡಿಸಿ, ಅಕ್ಕರೆಯಿಂದ, “ಹೌದು ಹೌದು, ಭಾಳ ಬಿಸಲ ಅದ. ಮಜ್ಜಿಗಿ ಕುಡೀ ಮೊದಲ,” ಅಂದರು.

ಎರಡನೇ ಸಲ ಜೋರಾಗಿ ಹೇಳುವ ಧೈರ್ಯ ನನಗಾಗಲಿಲ್ಲ.

ಕಾಕಾ ಬಂದು ಅವರ ಎಡಕ್ಕೆ ಕೂತರು. ಹಾಳೆ ಬಿಚ್ಚಿದರು. ಜೀವನದಲ್ಲಿ ಮಂಗಳಾರತಿಗೂ ದನಿ ಎತ್ತದ ಮನುಷ್ಯ ಕಾರ್ಯದರ್ಶಿಯ ಕಿವಿಗೆ ಬಾಯಿ ಹಚ್ಚಿ ಹಾಡಲು ಶುರು ಮಾಡಿದರು. ಹಿಮ ಬೀಳುವ ಹಾಡು, ಹಣೆಯಿಂದ ಬೆವರು ಇಳಿಯುತ್ತಿತ್ತು. ರಾಗ ಎಲ್ಲೋ, ಉಚ್ಚಾರ ಎಲ್ಲೋ! ಪಾಟೀಲರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, “ಆಂವಾ ನಿನಕಿಂತ ಛಲೋ ಹಾಡ್ತಾನ,” ಅಂದರು. “ಮತ್ತೊಮ್ಮಿ ಹಾಡು. ನಡುವ ಗಂಟಿ ಬರ್ತದಲ್ಲ, ಅದು ಬಿಟ್ಟಿ ನೀ.”

ಕಾಕಾ ನನ್ನತ್ತ ನೋಡಿ ಮತ್ತೆ ಹಾಡತೊಡಗಿದರು. ನಾನು ಮಜ್ಜಿಗೆ ಕುಡಿದ ಲೋಟ ಎತ್ತಿಕೊಂಡು, ಪಾಟೀಲರ ಹಿಂದೆ ನಿಂತು, ಹಾಡಿನ ನಡುವೆ ಚಮಚದಿಂದ ಬಾರಿಸಿದೆ. ಇನ್ನೂ ಹತ್ತಿರ ಹೋಗಿ ಬಾರಿಸಿದೆ. ಬೇವಿನ ಮೇಲಿದ್ದ ಕಾಗೆ ಹಾರಿಹೋಯಿತು.

ಪಾಟೀಲರು ಕಣ್ಣು ತೆರೆಯದೆಯೇ ಕೇಳಿದರು: “ಗಂಟಿ ಇನ್ನೂ ಬರಲಿಲ್ಲೇನು?”

ಕಾಕಾ ಹಾಡು ನಿಲ್ಲಿಸಿ ಅವರ ಕಿವಿಗೆ ಬಾಗಿದರು.

“ಬಂತು ನೋಡು,” ಅಂದರು. “ಟಣ್, ಟಣ್, ಟಣ್.”