ಡೆಲ್ಮರ್ ತುಂಬಿದ ಗುಂಡು

ಡೆಲ್ಮರ್ ಟ್ವೆಟ್‌ಗೆ ಲೋಕದ ಮೇಲಿದ್ದ ದೂರು ಒಂದೇ: ಶನಿವಾರ ಬೆಳಿಗ್ಗೆ ತಾನು ಬಾಯಿ ತೆರೆದ ಕೂಡಲೇ ಉಳಿದವರ ಕಿವಿ ಮುಚ್ಚುತ್ತದೆ.

ಮೊಂಟಾನಾದ ಬಯಲು ರಸ್ತೆಗಳಲ್ಲಿ ಜೀವಮಾನವಿಡೀ ಹಿಮ ತಳ್ಳುವ ಲಾರಿ ಓಡಿಸಿದ ಮನುಷ್ಯ ಅವನು. ಮುಂದೆ ಹಿಮ, ಹಿಂದೆ ಹಿಮ. ಹೇಳಿದ ಮಾತಿಗೆ ಅಡ್ಡಡ್ಡ ತಲೆಯಾಡಿಸಲು ಗಾಜು ಒರೆಸುವ ಕಡ್ಡಿ ಬಿಟ್ಟರೆ ಇನ್ನೊಂದು ಜೀವವಿಲ್ಲ. (ಅದೂ ಯಾವತ್ತೂ ‘ಹೌದು’ ಅಂದದ್ದಿಲ್ಲ.) ನಿವೃತ್ತನಾದ ಮೇಲೆ, ಬಾಕಿ ಉಳಿದ ಮಾತನ್ನೆಲ್ಲ ಆಡಿ ತೀರಿಸೋಣವೆಂದು ಊರಾಚೆಯ ಗುರಿ ಹೊಡೆಯುವ ಮೈದಾನಕ್ಕೆ ಹೋಗತೊಡಗಿದ. ಅಲ್ಲಿ ಕ್ಷೌರದಂಗಡಿಯ ಲೈಲ್ ಮತ್ತು ಗೋಧಿ ಉಗ್ರಾಣದ ಗಾರ್ವಿನ್ ಪ್ರತಿ ಶನಿವಾರವೂ ಅಕ್ಕಪಕ್ಕದ ಮೇಜಿನಲ್ಲಿ ಬಂದೂಕು ಒರಗಿಸಿಕೊಂಡು ಹರಟುತ್ತಿದ್ದರು. ಹರಟೆಯೆಲ್ಲ, ಹೊಡೆದು ಖಾಲಿಯಾದ ಹಿತ್ತಾಳೆಯ ಕೊಳವೆಗೆ ಮತ್ತೆ ಮದ್ದು ಹಾಕಿ ಮನೆಯಲ್ಲಿ ತಾವೇ ತುಂಬಿದ ಗುಂಡಿನದು: ಯಾವ ಮದ್ದು, ಎಷ್ಟು ಮದ್ದು, ಯಾವ ಹಿತ್ತಾಳೆ. ಡೆಲ್ಮರ್ ಪಕ್ಕದಲ್ಲಿ ಕುಳಿತು ತನ್ನ ಗುಂಡಿನ ಡಬ್ಬಿ ಬಿಚ್ಚಿದ.

“ಅಂಗಡೀದಾ?” ಎಂದ ಗಾರ್ವಿನ್, ಸಾವಿನ ಮನೆಯಲ್ಲಿ ವಿಚಾರಿಸುವ ದನಿಯಲ್ಲಿ.

“ಹೂಂ. ಚೆನ್ನಾಗೇ ಹೋಗುತ್ತೆ.”

“ಹೋಗುತ್ತಪ್ಪ, ಹೋಗದೇ ಏನು,” ಎಂದ ಲೈಲ್. “ಡಬ್ಬಿ ಸೂಪು ಕುಡಿದ್ರೂ ಹೊಟ್ಟೆ ತುಂಬುತ್ತೆ.”

ಇಬ್ಬರೂ ಮತ್ತೆ ಮದ್ದಿನ ಮಾತಿಗೆ ತಿರುಗಿದರು. ಭುಜಕ್ಕೆ ಭುಜ ತಾಗುತ್ತಿತ್ತು. ಮಾತು ಮಾತ್ರ ಡೆಲ್ಮರನ ತಲೆಯ ಮೇಲಿಂದ ಹಾರಿಹೋಗುತ್ತಿತ್ತು. ಅಂದೇ ಅವನಿಗೆ ಜ್ಞಾನೋದಯವಾಯಿತು. ತಾನೂ ಮನೆಯಲ್ಲಿ ಗುಂಡು ತುಂಬಬೇಕು. ತುಂಬಿದರೆ ತಾನೂ ಅವರಲ್ಲೊಬ್ಬ.

“ಗುಂಡು ತುಂಬ್ತೀಯಾ?” ಹೆಂಡತಿ ವರ್ನಾ ರೊಟ್ಟಿ ಹಿಟ್ಟು ನಾದುವುದನ್ನು ನಿಲ್ಲಿಸಿದಳು. “ಉಪ್ಪಿನ ಡಬ್ಬಿಗೆ ಉಪ್ಪು ತುಂಬು ಅಂದ್ರೆ ಅರ್ಧ ಒಲೆ ಮೇಲೆ ಚೆಲ್ಲೋನು ನೀನು!”

“ಅದು ಉಪ್ಪು ಕಣೇ. ಇದು ಶಾಸ್ತ್ರ.”

ಶಾಸ್ತ್ರಕ್ಕೆ ನೆಲಮಾಳಿಗೆಯಲ್ಲಿ, ವರ್ನಾಳ ಬೀಟ್‌ರೂಟ್ ಉಪ್ಪಿನಕಾಯಿ ಭರಣಿಗಳ ಪಕ್ಕ, ಒಂದು ಮೇಜಿನಷ್ಟು ಜಾಗ ಮಂಜೂರಾಯಿತು. ಚಕ್ಕುಲಿ ಒರಳಿನ ದೊಡ್ಡಪ್ಪನಂತಿದ್ದ ಒತ್ತುವ ಯಂತ್ರ ಬಂತು. ಅಕ್ಕಸಾಲಿಗನಿಗೂ ಹೊಟ್ಟೆಕಿಚ್ಚಾಗುವಂಥ ತಕ್ಕಡಿ ಬಂತು. ಜೊತೆಗೆ ಒಂದು ದಪ್ಪ ಪುಸ್ತಕವೂ ಬಂತು. ಅದರ ಮೊದಲ ಅಧ್ಯಾಯ ದಪ್ಪಕ್ಷರದಲ್ಲಿ ಹೇಳುತ್ತಿತ್ತು: ಈ ಕೆಲಸವನ್ನು ಒಬ್ಬರೇ ಮಾಡಿ. ರೇಡಿಯೋ ಬೇಡ, ಮಾತುಕತೆ ಬೇಡ, ಅತಿಥಿಗಳು ಬೇಡ, ಗಮನ ಚದುರಿದರೆ ಅಪಾಯ.

ಸಂಗಕ್ಕೆ ಸೇರಲು ಹೊರಟವನಿಗೆ ಇದು ಯಾಕೋ ಹಿಂದುಮುಂದಾಗಿ ಕಂಡಿತು. ಆದರೂ ಗಂಭೀರವಾಗಿಯೇ ಘೋಷಿಸಿದ: “ನೋಡು, ಇನ್ಮೇಲೆ ನಾನು ಕೆಳಗಿದ್ದಾಗ ನನ್ನನ್ನ ಮಾತಾಡಿಸೋ ಹಾಗಿಲ್ಲ. ಪುಸ್ತಕದಲ್ಲೇ ಇದೆ.”

ವರ್ನಾ ಆ ಪುಟವನ್ನು ಓದಿ, ಪುಸ್ತಕವನ್ನು ಭಕ್ತಿಯಿಂದ ಮುಚ್ಚಿದಳು. “ನಮ್ಮ ಮದುವೆಗೇ ಯಾರಾದ್ರೂ ಇದನ್ನ ಉಡುಗೊರೆ ಕೊಡಬಾರದಿತ್ತಾ?”

ಹೀಗೆ ಡೆಲ್ಮರ್ ಪಾತಾಳವಾಸಿಯಾದ. ಮೇಲೆ ವರ್ನಾ ಫೋನಿನಲ್ಲಿ ತಂಗಿಯ ಜೊತೆ ನಗುವುದು ಹಲಗೆಯ ಸಂದಿನಿಂದ ಇಳಿದುಬರುತ್ತಿತ್ತು. ಏನು ಜೋಕೆಂದು ಕೇಳುವಂತಿರಲಿಲ್ಲ. ಕಿವಿ ಮೇಲಿಟ್ಟು ಕೈ ಕೆಳಗಿಟ್ಟಿದ್ದ ಅಂಥದೊಂದು ಘಳಿಗೆಯಲ್ಲೇ ಅವನು ಜಿಡ್ಡು ಹಚ್ಚುವುದನ್ನು ಮರೆತು ಖಾಲಿ ಹಿತ್ತಾಳೆಯೊಂದನ್ನು ಯಂತ್ರದ ಅಚ್ಚಿಗೆ ಒತ್ತಿಬಿಟ್ಟ. ಚೊಂಬಿನೊಳಗೆ ತಲೆ ತೂರಿಸಿದ ಬೆಕ್ಕಿನಂತೆ ಅದು ಸಿಕ್ಕಿಕೊಂಡಿತು. ಹಿಡಿಕೆಗೆ ಜೋತುಬಿದ್ದ. ಇಗರ್ಜಿಯ ಗಂಟೆ ಬಾರಿಸುವವನಂತೆ ಎಗರಾಡಿದ. ಯಂತ್ರವಿರಲಿ, ಮೇಜೇ ಮೇಲೆದ್ದು ಬಂತು.

ಹೀಗಾದದ್ದಕ್ಕೆ ಅವನಿಗೆ ಒಳಗೊಳಗೇ ಸಂತೋಷವಾಯಿತೆಂದರೆ ನೀವು ನಂಬಲಾರಿರಿ. ಈಗ ಗಾರ್ವಿನ್‌ಗೆ ಫೋನು ಮಾಡಬಹುದು! ಗಾರ್ವಿನ್ ಬರುತ್ತಾನೆ, ಬೈಯುತ್ತಾನೆ, ಇಬ್ಬರೂ ಸೇರಿ ಎಳೆಯುತ್ತಾರೆ. ಕಾಫಿಗೆ ನೀರಿಟ್ಟೇ ಫೋನು ಮಾಡಿದ.

“ಸಿಕ್ಕಿಕೊಂಡಿತಾ? ಭೇಷ್!” ಗಾರ್ವಿನ್ ನಕ್ಕ. “ನಂದೂ ಸಿಕ್ಕಿಕೊಂಡಿತ್ತು, ಲೈಲ್‌ದೂ ಸಿಕ್ಕಿಕೊಂಡಿತ್ತು. ಅದನ್ನ ಬಿಡಿಸೋ ಸಲಕರಣೆ ಅಂಗಡೀಲಿ ಸಿಗುತ್ತೆ.”

“ನೀನೇ ಬಂದು ಒಂಚೂರು...”

“ಛೆ ಛೆ, ಒಬ್ಬನೇ ಬಿಡಿಸ್ಕೋಬೇಕು ಕಣಯ್ಯ. ಅದೇ ದೀಕ್ಷೆ.”

ದೀಕ್ಷಾಬದ್ಧನಾದ ಡೆಲ್ಮರ್ ಇಬ್ಬರ ಕಾಫಿಯನ್ನು ಒಬ್ಬನೇ ಕುಡಿದ.

ಆಮೇಲಿನ ವಾರಗಳಲ್ಲಿ ಅವನು ಕಲಿತ. ನಿಜವಾಗಿಯೂ ಕಲಿತ. ಪ್ರತಿ ಚಿಟಿಕೆ ಮದ್ದನ್ನೂ ತೂಗಿ, ಅನುಮಾನಪಟ್ಟು, ಮತ್ತೆ ತೂಗಿದ. ಗುಂಡುಗಳು ಮದುವಣಗಿತ್ತಿಯರಂತೆ ಹೊಳೆದವು. ಮೂವರ ಬಂದೂಕೂ ಒಂದೇ ಅಳತೆಯದಾದ್ದರಿಂದ ಅವನಿಗೆ ಇನ್ನೊಂದು ಮಹದಾಲೋಚನೆ ಬಂತು. ಗೆಳೆಯರಿಗೆಂದು ಒಂದೊಂದು ಡಬ್ಬಿ ತುಂಬಿ, ಹೆಸರು ಬರೆದು, ವರ್ನಾಳ ಕ್ರಿಸ್‌ಮಸ್ ಪೆಟ್ಟಿಗೆಯಿಂದ ಕೆಂಪು ರಿಬ್ಬನ್ ಕದ್ದು ಕಟ್ಟಿದ.

ಶನಿವಾರ ಮೈದಾನದಲ್ಲಿ ಡಬ್ಬಿ ಬಿಚ್ಚಿದ ಲೈಲ್ ಒಂದು ಗುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿದ. “ಆಹಾ! ಏನು ಕೈಕೆಲಸ!”

“ಹೊಡೆದು ನೋಡು ಮತ್ತೆ.”

ಲೈಲ್ ಗಾರ್ವಿನ್‌ನನ್ನು ನೋಡಿದ. ಗಾರ್ವಿನ್ ದೂರದ ಬೆಟ್ಟವನ್ನು ನೋಡಿದ.

“ಡೆಲ್ಮರ್, ತಪ್ಪು ತಿಳೀಬೇಡ,” ಎಂದ ಗಾರ್ವಿನ್ ಕೊನೆಗೆ. “ಇನ್ನೊಬ್ಬರು ತುಂಬಿದ ಗುಂಡನ್ನ ಯಾರೂ ಹೊಡೆಯಲ್ಲಪ್ಪ. ಮದ್ದು ಒಂಚೂರು ಹೆಚ್ಚಾಗಿದ್ರೂ ಬಂದೂಕೇ ಮುಖಕ್ಕೆ ಸಿಡಿಯುತ್ತೆ. ನಮ್ಮಪ್ಪ ತುಂಬಿದ್ದನ್ನೇ ನಾನು ಹೊಡೆದೋನಲ್ಲ. ನಿನ್ನ ಪುಸ್ತಕದಲ್ಲಿ ಎರಡನೇ ಅಧ್ಯಾಯ ಇರಲಿಲ್ವಾ?”

ಇತ್ತು. ಡೆಲ್ಮರ್ ಮೊದಲನೆಯದರ ಏಕಾಂತದಲ್ಲೇ ಸುಸ್ತಾಗಿ ಅದನ್ನು ಹಾರಿಸಿಬಿಟ್ಟಿದ್ದ.

“ನೀನು ಹೊಡಿ, ನಾವು ನೋಡ್ತೀವಿ,” ಎಂದ ಲೈಲ್ ಉದಾರವಾಗಿ. ಹಾಗೆ ಹೇಳುತ್ತಲೇ ಇಬ್ಬರೂ ಬಂದೂಕು, ಫ್ಲಾಸ್ಕು, ಕುರ್ಚಿಗಳ ಸಮೇತ ಎದ್ದು ಸಾಲಿನ ಆ ತುದಿಗೆ ಹೋಗಿ ಕುಳಿತರು. ಹೊಸಬನ ಮೊದಲ ಗುಂಡುಗಳಿಗೆ ಹಾಗೆ ದೂರ ಕೊಡುವುದು ಅಲ್ಲಿನ ಮರ್ಯಾದೆ. ಡೆಲ್ಮರ್ ಹೊಡೆದ. ಒಂದೂ ಹುಸಿಹೋಗಲಿಲ್ಲ. ಗುರಿಹಾಳೆಯ ನಡುವೆ ತೂತಿಗೆ ತೂತು ತಾಗುವಂತೆ ಬಿದ್ದವು. ತಿರುಗಿ ನೋಡಿದರೆ ಆ ತುದಿಯಲ್ಲಿ ಗಾರ್ವಿನ್ ಹೆಬ್ಬೆಟ್ಟು ಎತ್ತಿ ತೋರಿಸಿದ. ಅಂಗಡಿಯ ಗುಂಡಿನ ಕಾಲದಲ್ಲಿ ಭುಜವಾದರೂ ತಾಗುತ್ತಿತ್ತು.

ಮನೆಗೆ ಬಂದು ರಿಬ್ಬನ್ ಕಟ್ಟಿದ ಡಬ್ಬಿಗಳನ್ನು ಮೇಜಿನ ಮೇಲಿಟ್ಟ. ಮಾತಾಡಲಿಲ್ಲ. ಅವನು ಕೆಳಗಿಲ್ಲದಾಗಲೂ ಮಾತಾಡದಿದ್ದದ್ದು ಅದೇ ಮೊದಲು. ವರ್ನಾ ಗಾಬರಿಯಾಗಿ ಎಲ್ಲವನ್ನೂ ಅವನ ಬಾಯಿಂದ ಹೊರಡಿಸಿದಳು.

“ಅಷ್ಟೇನಾ? ಬರೋ ಶನಿವಾರ ನಾನು ಬರ್ತೀನಿ. ನಾನು ಹೊಡೀತೀನಿ.”

“ನೀನಾ?”

“ನಮ್ಮಪ್ಪನ ಹೊಲದಲ್ಲಿ ಅಳಿಲು ಹೊಡೀತಿದ್ದದ್ದು ಯಾರು, ನೀನಾ?”

ಬಂದಳು. ಗಂಡನ ಬಂದೂಕಿಗೆ ಗಂಡ ತುಂಬಿದ ಗುಂಡನ್ನೇ ಹಾಕಿದಳು. ಆ ತುದಿಯಿಂದ ಲೈಲ್ ಎದ್ದುನಿಂತು ಕೂಗಿದ: “ವರ್ನಾ! ಅದು ಇನ್ನೊಬ್ಬರು ತುಂಬಿದ್ದಮ್ಮ!”

“ಮದುವೆಯಾದಾಗಿಂದ ಅವನು ಮಾಡಿದ ಕಾಫಿ ಕುಡ್ಕೊಂಡು ಬದುಕಿದೀನಿ,” ಎಂದಳು ವರ್ನಾ. “ಇದೇನು ಮಹಾ!”

ಹೊಡೆದಳು. ಡೆಲ್ಮರನ ಗುಂಡುಗಳು ಡೆಲ್ಮರನಿಗಿಂತ ಅವಳ ಮಾತನ್ನೇ ಹೆಚ್ಚು ಕೇಳಿದವು. ಇಬ್ಬರು ಮಹಾಶಯರೂ ಕುರ್ಚಿ ಎಳೆದುಕೊಂಡು ಅವಳ ಎಡಬಲಕ್ಕೆ ಬಂದರು. ಇಂಥ ಧೈರ್ಯವನ್ನು ತಾವು ಕಂಡೇ ಇಲ್ಲವೆಂದರು. ಮೈದಾನ ಹಿಮದಲ್ಲಿ ಮುಚ್ಚಿದಾಗ ಶನಿವಾರದ ಸಭೆ ಅವಳ ಅಡುಗೆಮನೆಗೇ ವರ್ಗವಾಯಿತು. ವಸಂತದಲ್ಲಿ ಜಿಲ್ಲೆಯ ಸ್ಪರ್ಧೆಗೆ ವರ್ನಾಳನ್ನು ಕಳಿಸುವುದೆಂದು ಸರ್ವಾನುಮತದ ನಿರ್ಣಯವೂ ಆಯಿತು. ಸ್ಪರ್ಧೆಯೆಂದರೆ, ಹಿಮ ಕರಗಿದ ಕೂಡಲೇ ಅಭ್ಯಾಸ ಬೇಕು. ಅಭ್ಯಾಸವೆಂದರೆ ಗುಂಡು ಬೇಕು, ರಾಶಿ ರಾಶಿ.

ಅಂಥದೊಂದು ಶನಿವಾರ ಡೆಲ್ಮರ್ ಕೆಳಗೆ ಮದ್ದು ತೂಗುತ್ತಿದ್ದ. ಮೇಲೆ ಸೇಬಿನ ಕಡುಬು ಕತ್ತರಿಸುವ ಸದ್ದು, ಲೈಲ್‌ನ ನಗು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಗಾರ್ವಿನ್!

ಡೆಲ್ಮರ್ ತಕ್ಕಡಿ ಬಿಟ್ಟು, ಸ್ಟೂಲಿನ ಮೇಲಿದ್ದ ಹಿತ್ತಾಳೆಯ ರಾಶಿಯನ್ನು ಗಡಿಬಿಡಿಯಿಂದ ಪಕ್ಕಕ್ಕೆ ಸರಿಸಿದ. “ಬಾ ಬಾ, ಕೂತ್ಕೋ!”

ಗಾರ್ವಿನ್ ಕಡೆಯ ಮೆಟ್ಟಿಲಲ್ಲೇ ನಿಂತ. “ವರ್ನಾ ಅಭ್ಯಾಸಕ್ಕೆ ಇನ್ನೊಂದು ಡಬ್ಬಿ ಗುಂಡು ತುಂಬಬೇಕು ಅಂದ್ಲು, ಅಷ್ಟೇ,” ಎಂದು ಪಿಸುಗುಟ್ಟಿದ. ಆಮೇಲೆ ಗರ್ಭಗುಡಿಗೆ ತಪ್ಪಿ ಕಾಲಿಟ್ಟವನಂತೆ ತುದಿಗಾಲಲ್ಲಿ ಹಿಂದಕ್ಕೆ ಸರಿಯುತ್ತ ಮೆಟ್ಟಿಲೇರಿ, ಗೆಳೆಯನಿಗೆ ತೊಂದರೆಯಾಗದಿರಲೆಂದು, ಬಾಗಿಲನ್ನು ಚೂರೂ ಸದ್ದಾಗದಂತೆ ಎಳೆದುಕೊಂಡ.